ಖಾಲಿ ಬಿದ್ದ ಪೇಟೆಗೆ ಊಟದ ಗಾಡಿಗಳು ಬಂದರೆ ಜೀವ ಬರುತ್ತದಾ?

ಶ್ರೀಧರ, ಪೋರ್ಟ್‌ಲ್ಯಾಂಡ್

ಹತ್ತು ವರ್ಷದಿಂದ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿದ್ದೇನೆ. 2020ರಲ್ಲಿ ಕೋವಿಡ್ ಬಂದು ಆಫೀಸುಗಳು ಮುಚ್ಚಿದ ಮೇಲೆ ಇಲ್ಲಿನ ಡೌನ್‌ಟೌನ್ ಭಣಗುಡುತ್ತಿತ್ತು. ಅಂಗಡಿಗಳ ಗಾಜಿಗೆ ಪ್ಲೈವುಡ್ ಹೊಡೆದಿದ್ದರು. ಮಟಮಟ ಮಧ್ಯಾಹ್ನ ನಡೆದು ಹೋದರೂ ನನ್ನ ಚಪ್ಪಲಿ ಸದ್ದು ನನಗೇ ಕೇಳಿಸುತ್ತಿತ್ತು.

2021ರ ಬೇಸಿಗೆಯಲ್ಲಿ ಬರ್ನ್‌ಸೈಡ್ ರಸ್ತೆ ಪಕ್ಕದ ಸಣ್ಣ ಪಾರ್ಕಿನಲ್ಲಿ ಊಟದ ಗಾಡಿಗಳನ್ನು ಸಾಲಾಗಿ ನಿಲ್ಲಿಸಿದರು. ಹೆಸರು ಕಾರ್ಟ್ ಬ್ಲಾಕ್ಸ್. ಪೊವೆಲ್ಸ್ ಪುಸ್ತಕದಂಗಡಿಯಿಂದ ಕೂಗಳತೆ ದೂರ. ಮೊದಲ ಸಲ ಹೋದಾಗ ಒಂದು ಗಾಡಿಯ ಮುಂದೆ ಎಂಟು ಜನ ನಿಂತಿದ್ದರು. ನಾನೂ ನಿಂತೆ. ಒಂದು ವರ್ಷಕ್ಕೂ ಜಾಸ್ತಿ ಆಗಿತ್ತು, ಆ ಪೇಟೆಯಲ್ಲಿ ಇನ್ನೊಬ್ಬರ ಹಿಂದೆ ಸಾಲಿನಲ್ಲಿ ನಿಂತು. ಮುಂದಿದ್ದ ಅಜ್ಜ ತಿರುಗಿ, ಇಲ್ಲಿ ಏನು ಚೆನ್ನಾಗಿರುತ್ತದೆ ಅಂತ ಕೇಳಿದರು. ನಿಜವಾಗಲೂ ಗಂಟಲು ಕಟ್ಟಿ ಬಂತು.

ಸೊರಗಿದ ಪೇಟೆಗೆ ಜನರನ್ನು ಕರೆತರಲು ಇದಕ್ಕಿಂತ ಸುಲಭದ ದಾರಿ ನನಗೆ ಕಾಣುತ್ತಿಲ್ಲ. ನಮ್ಮ ಬೆಂಗಳೂರಿನಲ್ಲೂ ಮುಚ್ಚಿದ ಕಾರ್ಖಾನೆಗಳ ಜಾಗದಲ್ಲಿ ಫುಡ್ ಟ್ರಕ್ ಪಾರ್ಕ್ ಮಾಡಬಹುದಲ್ವಾ?

ಮಮತಾ ವಿ.

ಶ್ರೀಧರ್ ಅವರೇ, ನಮ್ಮ ಮನೆ ಸಜ್ಜನ್ ರಾವ್ ಸರ್ಕಲ್ ಹತ್ತಿರ. ವಿ.ವಿ.ಪುರದ ತಿಂಡಿ ಬೀದಿ ಅಂದರೆ ನನಗೆ ಪ್ರಾಣ. ಮಗಳು ಮೊದಲು ತಿಂದ ಹೊರಗಿನ ತಿಂಡಿ ಅಲ್ಲಿನ ಅವರೆಬೇಳೆ ದೋಸೆ. ಆದರೆ ಸಂಜೆ ಏಳಕ್ಕೆ ನಮ್ಮ ಗೇಟಿನ ಮುಂದೆ ನಿಲ್ಲುವ ಬೈಕುಗಳನ್ನು ನೀವು ನೋಡಬೇಕು. ಒಂದು ಸಲ ಮಾವನವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಕಾರು ಹೊರಗೆ ತೆಗೆಯೋಕೆ ಇಪ್ಪತ್ತು ನಿಮಿಷ ಬೇಕಾಯಿತು. 2023ರಲ್ಲಿ ಬೀದಿ ಅಗೆದು ಹೊಸದಾಗಿ ಮಾಡಿದರು, ನಡೆಯುವ ಜಾಗ ಅಗಲವಾಯಿತು, ನೋಡಲು ಚೆಂದ ಇದೆ. ಕೆಲಸ ನಡೆಯುವಾಗ ವ್ಯಾಪಾರ ಬಿದ್ದು ಅಂಗಡಿಯವರು ಪಟ್ಟ ಪಾಡನ್ನೂ ನೋಡಿದ್ದೇನೆ.

ಕಾಂಪೌಂಡ್ ಇರುವ ಖಾಲಿ ಜಾಗದಲ್ಲಿ ಮಾಡುವುದು ರಸ್ತೆಗಿಂತ ಒಳ್ಳೆಯದು, ಒಪ್ಪುತ್ತೇನೆ. ಆದರೆ ಶೌಚಾಲಯ ಎಲ್ಲಿ, ಎಂಜಲು ತಟ್ಟೆ ಯಾರು ಎತ್ತುತ್ತಾರೆ, ರಾತ್ರಿ ಎಷ್ಟು ಗಂಟೆಗೆ ಬಾಗಿಲು? ಇದಕ್ಕೆ ಮೊದಲು ಉತ್ತರ ಬೇಕು. ಪಕ್ಕದ ಮನೆಯವರನ್ನು ಕರೆದು ಕೇಳಿ, ಆಮೇಲೆ ಟೇಪು ಕತ್ತರಿಸಿ.

ರಫೀಕ್

ಶ್ರೀಧರ್ ಕಥೆಯನ್ನು ಅರ್ಧದಿಂದ ಶುರು ಮಾಡಿದ್ದಾರೆ. ನಾನೂ ಅದೇ ಊರಲ್ಲಿ ಆರು ವರ್ಷ ಇದ್ದವನು. ಕಾರ್ಟ್ ಬ್ಲಾಕ್ಸ್‌ಗೂ ಮೊದಲು ಅಲ್ಲಿಂದ ನಾಲ್ಕು ಹೆಜ್ಜೆ ದೂರದಲ್ಲಿ ಆಲ್ಡರ್ ಸ್ಟ್ರೀಟ್ ಪಾಡ್ ಇತ್ತು. ಪಾಡ್ ಅಂದರೆ ಅಲ್ಲಿಯವರ ಮಾತಿನಲ್ಲಿ ಗಾಡಿಗಳ ಗುಂಪು. ಪಾರ್ಕಿಂಗ್ ಜಾಗದ ಸುತ್ತ ಐವತ್ತಕ್ಕೂ ಹೆಚ್ಚು ಗಾಡಿ. ಥಾಯ್, ಇರಾಕಿ, ಮೆಕ್ಸಿಕನ್, ಈಜಿಪ್ಟಿನ ಊಟ, ಎಲ್ಲ ಒಂದೇ ಕಡೆ. ಬೇರೆ ಊರುಗಳಿಂದ ಜನ ಹುಡುಕಿಕೊಂಡು ಬರುತ್ತಿದ್ದರು.

2019ರ ಜೂನ್ ಕೊನೆಗೆ ಅಷ್ಟೂ ಗಾಡಿಗಳನ್ನು ಖಾಲಿ ಮಾಡಿಸಿದರು. ಆ ಜಾಗದಲ್ಲಿ ಈಗ 35 ಮಹಡಿಯ ಕಟ್ಟಡ ನಿಂತಿದೆ. ಕೆಳಗೆ ರಿಟ್ಜ್ ಕಾರ್ಲ್‌ಟನ್ ಹೋಟೆಲ್, ಮೇಲೆ ಶ್ರೀಮಂತರ ಮನೆಗಳು. ಅಲ್ಲಿಂದ ಎಬ್ಬಿಸಿದವರಿಗೆ ಜಾಗ ಹುಡುಕುವ ಓಡಾಟದಿಂದಲೇ ಕಾರ್ಟ್ ಬ್ಲಾಕ್ಸ್ ಹುಟ್ಟಿದ್ದು. ಎರಡು ವರ್ಷ ಕಾಯಬೇಕಾಯಿತು. ಅಷ್ಟರಲ್ಲಿ ಎಷ್ಟೋ ಜನ ಗಾಡಿ ಮಾರಿಬಿಟ್ಟಿದ್ದರು.

ಜೀವ ತರುತ್ತವೆ, ಸರಿ. ಜೀವ ಬಂದ ಮೇಲೆ ಜಾಗಕ್ಕೆ ಬೆಲೆ ಬರುತ್ತದೆ. ಬೆಲೆ ಬಂದ ಮೇಲೆ ಗಾಡಿಯವರು ಬೇಡವಾಗುತ್ತಾರೆ. ನನ್ನ ತಕರಾರು ಇಷ್ಟೇ.

ಕಿರಣ್ ಎಸ್.

ಇನ್ನೊಂದು ಕಡೆಯನ್ನೂ ಹೇಳುತ್ತೇನೆ, ಬೈಯಬೇಡಿ. ನಾನು ಜಯನಗರದಲ್ಲಿ ಸಣ್ಣ ದರ್ಶಿನಿ ನಡೆಸುತ್ತೇನೆ. ಅಡ್ವಾನ್ಸ್ ಕಟ್ಟಿದ್ದೇನೆ, ತಿಂಗಳ ಬಾಡಿಗೆ, ಟ್ರೇಡ್ ಲೈಸೆನ್ಸ್, ಏಳು ಜನ ಹುಡುಗರ ಸಂಬಳ. ಮಳೆ ಬಂದರೂ ಬಾಗಿಲು ತೆಗೆಯಲೇಬೇಕು. ಫುಡ್ ಟ್ರಕ್‌ನವರು ವಾರಾಂತ್ಯ ಮಾತ್ರ ಬಂದು ಲೈಟು ಹಾಕಿ, ಹಾಡು ಹಾಕಿ, ನನ್ನ ಗಿರಾಕಿಗಳನ್ನು ಎಳೆದುಕೊಂಡು ಹೋದರೆ ಹೊಟ್ಟೆ ಉರಿಯುತ್ತದೆ. ಅಲ್ಲಿ ತಿಂದು ಕೈ ತೊಳೆಯಲು ನನ್ನ ಅಂಗಡಿಗೆ ಬಂದವರೂ ಇದ್ದಾರೆ. ಬೇಡ ಅನ್ನಲು ಮನಸ್ಸು ಬರಲಿಲ್ಲ.

ಲಲಿತಾ

ನಾನು ಗಾಡಿಯೊಳಗೆ ನಿಂತವಳು, ಅದಕ್ಕೆ ಬರೆಯುತ್ತಿದ್ದೇನೆ. ಪೋರ್ಟ್‌ಲ್ಯಾಂಡಿನ ನದಿಯಾಚೆ ಒಂದು ಪಾಡ್‌ನಲ್ಲಿ ಎರಡೂವರೆ ವರ್ಷ ದೋಸೆ ಗಾಡಿ ನಡೆಸಿದೆ.

ಹೊರಗಿನಿಂದ ಎಲ್ಲ ಚೆಂದ ಕಾಣುತ್ತದೆ. ಒಳಗೆ ಕೈ ಚಾಚಿದರೆ ಎರಡೂ ಗೋಡೆ ಮುಟ್ಟುತ್ತದೆ. ಒಳ್ಳೆ ನೀರಿಗೆ ಒಂದು ಟ್ಯಾಂಕು, ಗಲೀಜು ನೀರಿಗೆ ಅದಕ್ಕಿಂತ ದೊಡ್ಡ ಟ್ಯಾಂಕು, ಕೈ ತೊಳೆಯಲು ಬೇರೆ ಸಿಂಕು. ಆರೋಗ್ಯ ಇಲಾಖೆಯವರು ಬಂದರೆ ಮೊದಲು ನೋಡುವುದು ಅದನ್ನೇ. ಚಳಿಗಾಲದಲ್ಲಿ ಹಿಟ್ಟು ಹುಳಿ ಬರುವುದೇ ಇಲ್ಲ. ಮನೆಯ ಓವನ್ನಿನಲ್ಲಿ ಲೈಟು ಮಾತ್ರ ಹಾಕಿ, ಪಾತ್ರೆಗೆ ಟವೆಲ್ ಸುತ್ತಿ ರಾತ್ರಿಯಿಡೀ ಇಡುತ್ತಿದ್ದೆ. ಬೆಳಿಗ್ಗೆ ಮುಚ್ಚಳ ತೆಗೆದಾಗ ಹಿಟ್ಟು ಉಬ್ಬಿದ್ದರೆ ಅವತ್ತು ಹಬ್ಬ. ಕಿಟಕಿಯಿಂದ ಗಾಳಿ ನುಗ್ಗಿದರೆ ಕಾವಲಿಯ ಒಂದು ಪಕ್ಕ ತಣ್ಣಗಾಗಿ ದೋಸೆ ಅಂಟಿಕೊಳ್ಳುತ್ತದೆ. ಅದಕ್ಕೇ ಆ ಪಕ್ಕಕ್ಕೆ ನಾನು ನಿಲ್ಲುತ್ತಿದ್ದೆ, ಗಾಳಿಗೆ ಅಡ್ಡ.

ಆದರೂ ಕೇಳಿ. ಹೋಟೆಲ್ ಶುರು ಮಾಡುವಷ್ಟು ದುಡ್ಡು ನನ್ನ ಜನ್ಮದಲ್ಲಿ ಕೂಡುತ್ತಿರಲಿಲ್ಲ. ಗಾಡಿಗೆ ಕೂಡಿತು. ಆಲ್ಡರ್ ಪಾಡ್‌ನಲ್ಲೇ ನಾಂಗ್ ಪೂನ್‌ಸುಕ್‌ವಟ್ಟನ ಅನ್ನುವ ಥಾಯ್ ಹೆಣ್ಣುಮಗಳು 2009ರಲ್ಲಿ ಗಾಡಿ ಇಟ್ಟಳು. ಮಾಡುತ್ತಿದ್ದುದು ಒಂದೇ ಅಡುಗೆ, ಕೋಳಿ ಮತ್ತು ಅನ್ನ. ಅದರಿಂದಲೇ ಮುಂದೆ ಹೋಟೆಲ್ ಮಾಡಿದಳು. ನಮ್ಮಂಥವರಿಗೆಲ್ಲ ಅವಳೇ ಧೈರ್ಯ.

ನನ್ನ ಗಾಡಿ ಯಾಕೆ ಮುಚ್ಚಿತು ಅಂದರೆ, ವ್ಯಾಪಾರ ಇಲ್ಲದೆ ಅಲ್ಲ. ಜಾಗದ ಮಾಲೀಕರು ಮಾರಿದರು. ಮೂವತ್ತು ದಿನದ ನೋಟಿಸು ಗಾಡಿ ಬಾಗಿಲಿಗೆ ಅಂಟಿಸಿದ್ದರು. ಹಾಗಾಗಿ ರಫೀಕ್ ತಮ್ಮ ಹೇಳಿದ್ದು ನಿಜ. ಕಿರಣ್, ನಿಮ್ಮ ಹೊಟ್ಟೆ ಉರಿಯೂ ನನಗೆ ಅರ್ಥವಾಗುತ್ತದೆ. ಕೈ ತೊಳೆಯೋಕೆ ಬಂದವರನ್ನು ನೀವು ಕಳಿಸದೆ ಇದ್ದದ್ದು ದೊಡ್ಡ ಮಾತು.

ಹರ್ಷ

ಲಲಿತಕ್ಕ, ಓದಿ ಸುಮ್ನೆ ಕೂತುಬಿಟ್ಟೆ ಸ್ವಲ್ಪ ಹೊತ್ತು.

ಬೆಂಗಳೂರಿನ ಮಾತಿಗೆ ಬರುತ್ತೇನೆ. ಪೋರ್ಟ್‌ಲ್ಯಾಂಡಿನಲ್ಲಿ ಗಾಡಿ ಅಂದರೆ ದುಡ್ಡಿಲ್ಲದವರ ಮೊದಲ ಮೆಟ್ಟಿಲು. ಇಲ್ಲಿ ಫುಡ್ ಟ್ರಕ್ ಹಾಗಲ್ಲ. ವಾಹನ ಕೊಂಡು, ಬಾಡಿ ಕಟ್ಟಿಸಿ, ಆರ್‌ಟಿಒ ಒಪ್ಪಿಗೆ ತೆಗೆದುಕೊಳ್ಳುವಷ್ಟರಲ್ಲಿ ಲಕ್ಷಗಳು ಕೈ ಬಿಟ್ಟಿರುತ್ತವೆ. ನಮ್ಮಲ್ಲಿ ಮೊದಲ ಮೆಟ್ಟಿಲು ತಳ್ಳುಗಾಡಿ. ಕೇಂದ್ರ ಸರ್ಕಾರದ ಸಾಲ ಯೋಜನೆ ಪಿಎಂ ಸ್ವನಿಧಿ 2020ರಲ್ಲಿ ಶುರುವಾದಾಗ ಬೀದಿ ವ್ಯಾಪಾರಿಗೆ ಮೊದಲ ಸಾಲ 10,000 ರೂಪಾಯಿ. ಅಷ್ಟರಲ್ಲಿ ಟ್ರಕ್ ಮಾತು ಎಲ್ಲಿ ಬಂತು?

ನನ್ನ ಭಯ ಇದು: ಹಳೇ ಕಾರ್ಖಾನೆ ಜಾಗದೊಳಗೆ ಬಣ್ಣದ ಟ್ರಕ್ಕುಗಳು ಬರುತ್ತವೆ, ಅದೇ ಗೇಟಿನ ಹೊರಗೆ ಇಪ್ಪತ್ತು ವರ್ಷದಿಂದ ಚುರುಮುರಿ ಮಾರುತ್ತಿದ್ದವರನ್ನು ಟ್ರಾಫಿಕ್ ನೆಪ ಹೇಳಿ ಎಬ್ಬಿಸುತ್ತಾರೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ಕನಿಷ್ಠ 40 ಜನ ವ್ಯಾಪಾರಿಗಳೇ ಇರಬೇಕು. ಕಾಯ್ದೆ ಗಟ್ಟಿ ಇದೆ. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಪಾರ್ಕಿನ ಮಾತು ಆಡೋಣ. ಒಳಗಿನ ಅರ್ಧ ಜಾಗ ಅದೇ ರಸ್ತೆಯ ತಳ್ಳುಗಾಡಿಯವರಿಗೆ ಅಂತ ಮೊದಲೇ ಬರೆಸಬೇಕು.

ಮಮತಾ ವಿ.

ಹರ್ಷ ಹೇಳಿದ್ದಕ್ಕೆ ನನ್ನ ಓಟು. ನಮ್ಮ ರಸ್ತೆ ತಿರುವಿನ ಕಡಲೆಕಾಯಿ ಅಜ್ಜಿಗೆ ಒಳಗೆ ಜಾಗ ಇದ್ದರೆ ನಾನೇ ಬಂದು ಒಪ್ಪಿಗೆಗೆ ಸಹಿ ಹಾಕುತ್ತೇನೆ. ಶೌಚಾಲಯ ಮಾತ್ರ ಬೇಕೇ ಬೇಕು, ಅಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳಿಗೂ.

ಶ್ರೀಧರ, ಪೋರ್ಟ್‌ಲ್ಯಾಂಡ್

ಆಲ್ಡರ್ ವಿಷಯ ನನಗೆ ಗೊತ್ತಿತ್ತು ರಫೀಕ್, ಬರೆಯದೆ ಬಿಟ್ಟಿದ್ದು ತಪ್ಪು. ಆದರೆ ಒಂದು ಮಾತಿಗೆ ಅಂಟಿಕೊಳ್ಳುತ್ತೇನೆ. ಕಾರ್ಟ್ ಬ್ಲಾಕ್ಸ್ ಶುರುವಾಗಿದ್ದು ಊರಿನ ಪಾರ್ಕಿನಲ್ಲಿ. ಮಾಲೀಕರು ಬೆಲೆ ಬಂತು ಅಂತ ಮಾರಿಬಿಡುವ ಜಾಗ ಅದಲ್ಲ. ಬೆಂಗಳೂರಿನಲ್ಲೂ ಖಾಸಗಿ ಜಾಗ ಬಿಟ್ಟು ಸರ್ಕಾರದ ಖಾಲಿ ಜಾಗಗಳನ್ನೇ ಮೊದಲು ನೋಡಬೇಕು. ಕರಾರು ಐದು ವರ್ಷಕ್ಕೆ ಕಡಿಮೆ ಇರಬಾರದು.

ರಫೀಕ್

ಹಾಗಾದರೆ ನಾನೂ ನಿಮ್ಮ ಕಡೆ. ಸರ್ಕಾರಿ ಜಾಗಕ್ಕೂ ಒಂದು ದಿನ ಟೆಂಡರ್ ಬರುತ್ತದೆ, ಅದನ್ನು ಮರೆಯಬೇಡಿ. ಅದಕ್ಕೇ ಕರಾರು ಒಬ್ಬೊಬ್ಬ ಗಾಡಿಯವರ ಹೆಸರಿನಲ್ಲೇ ಇರಬೇಕು, ನಡುವೆ ಗುತ್ತಿಗೆದಾರರು ಬೇಡ. ಲಲಿತಕ್ಕ, ಹಾಗೆ ಜಾಗ ಸಿಕ್ಕರೆ ನೀವು ಮತ್ತೆ ಗಾಡಿ ಇಡುತ್ತೀರಾ?

ಲಲಿತಾ

ಇಡುತ್ತೇನೆ ತಮ್ಮ. ಗಾಡಿ ಮಾರಿದೆ, ಕಾವಲಿ ಮಾರಲಿಲ್ಲ. ಗ್ಯಾರೇಜಿನಲ್ಲಿದೆ. ತುಕ್ಕು ಹಿಡಿಯದಿರಲಿ ಅಂತ ಪ್ರತಿ ಭಾನುವಾರ ಅರ್ಧ ಈರುಳ್ಳಿಯಲ್ಲಿ ಎಣ್ಣೆ ಸವರಿ ಇಡುತ್ತೇನೆ.