‘ಹೊರಸೂಸುವಿಕೆ’: ಕೈಗಾದ ಸಾಲಿಗೆ ಯಾವ ಪದ?

ಗೆಳೆಯರೇ,

ಒಂದು ಪದಕ್ಕೆ ಸಿಕ್ಕಿಹಾಕಿಕೊಂಡು ನಾಲ್ಕು ದಿನ ಆಯಿತು. ಬಿಡಿಸಿಕೊಡಿ.

ನಮ್ಮ ಶಿರಸಿ ಕಡೆಯ ಒಂದು ಸಣ್ಣ ಮಾಸಪತ್ರಿಕೆಗೆ ಕರೆಂಟಿನ ಬಗ್ಗೆ ನಾಲ್ಕು ಪುಟ ಬರೆಯುತ್ತಿದ್ದೇನೆ. ದೇಶದ ಯಾವ ಸ್ಥಾವರ ಎಷ್ಟು ಯೂನಿಟ್ ಕರೆಂಟು ಮಾಡಿತು, ಅದಕ್ಕೆ ಎಷ್ಟು ಇಂಗಾಲದ ಡೈಆಕ್ಸೈಡ್ ಗಾಳಿಗೆ ಹೋಯಿತು ಅಂತ ಕೇಂದ್ರ ವಿದ್ಯುತ್ ಪ್ರಾಧಿಕಾರ ಲೆಕ್ಕ ಇಡುತ್ತದೆ. ಅದರಿಂದ ನಮ್ಮ ಜಿಲ್ಲೆಯ ಹೆಸರುಗಳನ್ನು ಹೆಕ್ಕಿ ಒಂದು ಪಟ್ಟಿ ಮಾಡಿದೆ. ಕಾಳಿ ನದಿಯ ಸೂಪಾ, ನಾಗಝರಿ, ಕೊಡಸಳ್ಳಿ, ಕದ್ರಾ. ಶರಾವತಿಯ ಗೇರುಸೊಪ್ಪ. ಆಮೇಲೆ 220 ಮೆಗಾವ್ಯಾಟಿನ ನಾಲ್ಕು ಘಟಕಗಳ ಕೈಗಾ ಅಣುಸ್ಥಾವರ. ಹೋಲಿಕೆಗೆ ಇರಲಿ ಅಂತ ರಾಯಚೂರು ಮತ್ತು ನಂದಿಕೂರಿನ ಕಲ್ಲಿದ್ದಲು ಸ್ಥಾವರಗಳನ್ನೂ ಸೇರಿಸಿದೆ. ಕೊನೆಯ ಕಾಲಮ್ಮಿನ ತಲೆಗೆ ಒಂದು ಪದ ಬೇಕಿತ್ತು. ಇಂಗ್ಲಿಷಿನವರು ಎಮಿಷನ್ ಅನ್ನುತ್ತಾರಲ್ಲ, ಅದಕ್ಕೆ. ಪೇಪರಿನಲ್ಲೆಲ್ಲ ಬರುವ ‘ಹೊರಸೂಸುವಿಕೆ’ಯನ್ನೇ ಹಾಕಿದೆ. ಕೈಗಾದ ಮುಂದೆ 0 ಅಂತ ಬರೆದೆ.

ಕರಡನ್ನು ಕದ್ರಾ ಹತ್ತಿರದ ಗೆಳೆಯನಿಗೆ ಕಳಿಸಿದೆ. ಅರ್ಧ ಗಂಟೆಯೊಳಗೆ ಫೋನು.

‘ಮಾರಾಯಾ, ಕೈಗಾದ ಹೊರಸೂಸುವಿಕೆ ಸೊನ್ನೆ ಅಂತ ಬರೆದಿದ್ದೀಯಲ್ಲ, ನೀನು ಯಾರ ಕಡೆಯವ?’

ನನಗೆ ಮೊದಲು ಅರ್ಥ ಆಗಲಿಲ್ಲ. ಅಲ್ಲಿ ಕಲ್ಲಿದ್ದಲು ಸುಡುವುದಿಲ್ಲ, ಇಂಗಾಲದ ಡೈಆಕ್ಸೈಡ್ ಎಲ್ಲಿಂದ ಬರಬೇಕು ಅಂದೆ. ‘ಅದು ನನಗೂ ಗೊತ್ತು. ಆದ್ರೆ ಇಲ್ಲಿ ಹೊರಸೂಸುವುದು ಅಂದ್ರೆ ವಿಕಿರಣ. ಬೇರೆ ಯಾವುದೂ ಅಲ್ಲ’ ಅಂದ.

ಅವನ ಮಾತು ಸರಿ. ‘ವಿಕಿರಣ ಸೂಸುವ’, ‘ವಿಕಿರಣ ಹೊರಸೂಸುವಿಕೆ’ ಅಂತ ಕಾರವಾರ ಕಡೆ ಎಷ್ಟೋ ವರ್ಷಗಳಿಂದ ಓದುತ್ತಲೇ ಇದ್ದಾರೆ. ಕೈಗಾದಂಥ ಭಾರಜಲದ ರಿಯಾಕ್ಟರಿನಿಂದ ಟ್ರಿಟಿಯಂನಂಥ ವಿಕಿರಣ ವಸ್ತು ನಿಯಮದ ಮಿತಿಯೊಳಗೆ ಸ್ವಲ್ಪ ಸ್ವಲ್ಪ ಹೊರಗೆ ಹೋಗುತ್ತದೆ. ಅದನ್ನು ಅಳೆಯುವವರೇ ಬೇರೆ, ಅಳತೆಯೂ ಬೇರೆ. ಅಲ್ಲಿ ಕೆಜಿ ಇಲ್ಲ, ಬೆಕರೆಲ್. ನನ್ನ ಪಟ್ಟಿ ಇಂಗಾಲದ ಡೈಆಕ್ಸೈಡಿನದು ಮಾತ್ರ. ಆದರೆ ಕಾಲಮ್ಮಿನ ತಲೆಯಲ್ಲಿ ‘ಹೊರಸೂಸುವಿಕೆ’ ಅಂತ ಒಂದೇ ಪದ, ಕೆಳಗೆ ಕೈಗಾ, ಮುಂದೆ ಸೊನ್ನೆ. ಕೈಗಾ ಪಕ್ಕದ ಮಲ್ಲಾಪುರದಲ್ಲಿ ಕೂತು ಓದಿದವನಿಗೆ ಅದು ಲೆಕ್ಕದ ಹಾಗೆ ಕಾಣುವುದಿಲ್ಲ, ಜಾಹೀರಾತಿನ ಹಾಗೆ ಕಾಣುತ್ತದೆ.

ಹಾಗಾಗಿ ಈ ಪತ್ರ.

‘ಸೂಸು’ ಎಂಬ ಕ್ರಿಯಾಪದದ ಮೇಲೇ ನನಗೆ ಮೊದಲಿಂದಲೂ ಸಣ್ಣ ಅನುಮಾನ. ಕನ್ನಡದಲ್ಲಿ ಏನೇನು ಸೂಸುತ್ತದೆ ನೋಡಿ. ಮಲ್ಲಿಗೆ ಕಂಪು ಸೂಸುತ್ತದೆ. ಮಗು ನಗೆ ಸೂಸುತ್ತದೆ. ಚಂದ್ರ ಬೆಳಕು ಸೂಸುತ್ತಾನೆ. ತುಂಬಿದ್ದು ಅಂಚು ಮೀರಿ ಚೆಲ್ಲುವುದಕ್ಕೂ ಸೂಸು ಅನ್ನುವುದುಂಟು. ಎಲ್ಲ ಒಳ್ಳೆಯ ಸಾಮಾನೇ. ಇದರ ಜೊತೆಗೆ ‘ಗಂಧಕದ ಡೈಆಕ್ಸೈಡ್ ಸೂಸುವ ಚಿಮಣಿ’ ಅಂತ ಬರೆದರೆ ಗಂಧವೂ ಬಂತು, ಸೂಸುವುದೂ ಬಂತು. ಊದುಬತ್ತಿ ಕಾರ್ಖಾನೆಯೇ ಸೈ! ಪರಿಸರ ಸಚಿವಾಲಯ 2015ರ ಡಿಸೆಂಬರಿನಲ್ಲಿ ಕಲ್ಲಿದ್ದಲು ಸ್ಥಾವರಗಳಿಗೆ ಗಂಧಕದ ಡೈಆಕ್ಸೈಡಿನ ಮಿತಿ ಹಾಕಿತು. ಆ ಅನಿಲವನ್ನು ಚಿಮಣಿಗೆ ಹೋಗುವ ಮೊದಲೇ ತೊಳೆದು ತೆಗೆಯುವ ಯಂತ್ರ ಕೂರಿಸಬೇಕಾಗಿ ಬಂತು. ಗಡುವು ಮುಂದೆ ಮುಂದೆ ಹೋಗುತ್ತ 2025ರ ಜುಲೈಯಲ್ಲಿ ಬಹಳಷ್ಟು ಸ್ಥಾವರಗಳಿಗೆ ಆ ಯಂತ್ರವೇ ಬೇಡ ಅಂತ ರಿಯಾಯಿತಿ ಸಿಕ್ಕಿತು. ಇಷ್ಟು ಗಂಟುಗಂಟಾದ ಕತೆಯನ್ನು ಮಲ್ಲಿಗೆಯ ಕ್ರಿಯಾಪದದಲ್ಲಿ ಹೇಳುವುದು ಕಷ್ಟ ಅಲ್ವಾ?

ಬೇರೆ ಪದಗಳನ್ನೂ ತೂಗಿ ನೋಡಿದೆ.

‘ಉತ್ಸರ್ಜನೆ’ ಹಿಂದಿಯ ಸರ್ಕಾರಿ ಕಾಗದಗಳಿಂದ ಇಳಿದು ಬಂದದ್ದು. ನಮ್ಮ ಕಡೆಯ ಭಟ್ಟರನ್ನು ಕೇಳಿದರೆ ಉತ್ಸರ್ಜನೆ ಅಂದರೆ ಉಪಾಕರ್ಮದ ಜೋಡಿ. ಜನಿವಾರದ ಸುದ್ದಿ. ‘ವಿಸರ್ಜನೆ’ ಗಣಪತಿಗೆ, ವಿಧಾನಸಭೆಗೆ ಮತ್ತು ಇನ್ನೊಂದಕ್ಕೆ ಮೀಸಲಾಗಿದೆ. ಆ ಇನ್ನೊಂದನ್ನು ನೆನೆದು ಸುಮ್ನೆ ಬಿಟ್ಟೆ. ‘ಉಗುಳು’, ‘ಕಾರು’ ಎರಡಕ್ಕೂ ಜೀವ ಇದೆ. ಹೊಗೆ ಉಗುಳುವ ಬಸ್ಸು, ವಿಷ ಕಾರುವ ಕಾರ್ಖಾನೆ. ಆದರೆ ಅವು ಬೈಗುಳದ ಪದಗಳು. ತೀರ್ಪು ಮೊದಲೇ ಕೊಟ್ಟು ಆಮೇಲೆ ಅಂಕಿ ಕೊಟ್ಟ ಹಾಗೆ ಆಗುತ್ತದೆ. ‘ಬಿಡು’ ಎಲ್ಲಕ್ಕಿಂತ ಸಹಜ. ಹೊಗೆ ಬಿಡು, ಉಸಿರು ಬಿಡು. ಆದರೆ ಕಾಳಿ ದಂಡೆಯಲ್ಲಿ ‘ಬಿಟ್ಟರಂತೆ’ ಅಂದರೆ ಸಾಕು, ಕದ್ರಾ ಅಣೆಕಟ್ಟಿನ ನೀರು ಅಂತಲೇ ಅರ್ಥ. ಮಳೆಗಾಲದಲ್ಲಂತೂ ಆ ಒಂದು ಮಾತಿಗೆ ಜನ ಪಾತ್ರೆಪಗಡೆ ಮೇಲೆ ಎತ್ತಿಡಲು ಶುರು ಮಾಡುತ್ತಾರೆ. ಕರೆಂಟನ್ನೂ ಬಿಡುತ್ತಾರೆ, ಲೈನ್‌ಮನ್ ಸಿಟ್ಟಿನಲ್ಲಿಲ್ಲದಿದ್ದರೆ.

ಹಾಗಾದರೆ ‘ಹೊಗೆ’ ಅಂತಲೇ ಯಾಕೆ ಬರೆಯಬಾರದು ಅಂತ ನಮ್ಮ ಸಂಪಾದಕರ ಪ್ರಶ್ನೆ. ಇದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಕೊಡಬೇಕು.

ಹೊಗೆ ಕಣ್ಣಿಗೆ ಕಾಣುವ ವಸ್ತು. ಇಂಗಾಲದ ಡೈಆಕ್ಸೈಡ್ ಕಾಣುವುದಿಲ್ಲ. ನಮ್ಮ ಬಚ್ಚಲ ಒಲೆಯಲ್ಲೇ ನೋಡಿ. ಮಳೆಗಾಲದ ಹಸಿ ಕಟ್ಟಿಗೆ ಹಾಕಿದರೆ ಕಣ್ಣು ಮೂಗು ಎಲ್ಲ ಸುರಿಯುವಷ್ಟು ಹೊಗೆ. ಮಾಘದಲ್ಲಿ ಒಣಗಿದ ಕಟ್ಟಿಗೆ ಕುಂಟೆ ಹಾಕಿದರೆ ಹೊಗೆಯೇ ಇಲ್ಲ, ನೀಟಾಗಿ ಉರಿಯುತ್ತದೆ. ಹೊಗೆ ಇಲ್ಲ ಅಂದರೆ ಒಳಗಿನ ಇಂಗಾಲ ಸರಿಯಾಗಿ ಸುಟ್ಟು ಹೋಯಿತು ಅಂತ. ಅಂದರೆ ಡೈಆಕ್ಸೈಡ್ ಆಗಿ ಹೋಯಿತು. ದೊಡ್ಡ ಸ್ಥಾವರದಲ್ಲೂ ಹೀಗೆಯೇ. ಬೂದಿ ಹಿಡಿಯುವ ಯಂತ್ರ ಚೆನ್ನಾಗಿ ಓಡುತ್ತಿದ್ದರೆ ಚಿಮಣಿಯ ತುದಿಯಲ್ಲಿ ಹೆಚ್ಚೇನೂ ಕಾಣುವುದಿಲ್ಲ. ಆದರೂ ಒಂದು ಯೂನಿಟ್ಟಿಗೆ ಹೆಚ್ಚೂಕಡಿಮೆ ಒಂದು ಕೆಜಿ ಇಂಗಾಲದ ಡೈಆಕ್ಸೈಡ್ ಹೋಗುತ್ತಲೇ ಇರುತ್ತದೆ. ಇನ್ನು ತಂಪುಗೋಪುರದಿಂದ ಬೆಳ್ಳಗೆ ದಪ್ಪಗೆ ಮೇಲೇಳುವುದನ್ನು ಜನ ಹೊಗೆ ಅಂತ ಫೋಟೋ ಹೊಡೆಯುತ್ತಾರೆ. ಅದು ನೀರಿನ ಆವಿ. ಕಾಣುವುದು ಲೆಕ್ಕಕ್ಕಿಲ್ಲ, ಲೆಕ್ಕಕ್ಕಿರುವುದು ಕಾಣುವುದಿಲ್ಲ.

ಕಳೆದ ವಾರ ಹುಬ್ಬಳ್ಳಿ ರಸ್ತೆಯ ಬದಿಯಲ್ಲಿ ನಿಂತಿದ್ದ ಹೊಗೆ ತಪಾಸಣೆಯ ವ್ಯಾನಿನ ಹತ್ತಿರ ನನ್ನ ಸ್ಕೂಟರ್ ತೆಗೆದುಕೊಂಡು ಹೋಗಿದ್ದೆ. ಹುಡುಗ ಸೈಲೆನ್ಸರಿನೊಳಗೆ ಒಂದು ಕೊಳವೆ ತೂರಿಸಿ ಕಂಪ್ಯೂಟರ್ ನೋಡುತ್ತಿದ್ದ. ‘ಹೊಗೆ ಕಾಣೋದೇ ಇಲ್ವಲ್ಲೋ, ಏನು ಅಳೀತಿ?’ ಅಂದೆ. ‘ಕಾಣೋದಾದ್ರೆ ಮಷಿನ್ ಯಾಕೆ ಸರ್?’ ಅಂದ. ನಂಬರ್ ಪ್ಲೇಟಿನ ಫೋಟೋ ಹೊಡೆದು ಚೀಟಿ ಕೊಟ್ಟ. ಹಿಂದೆ ನಿಂತಿದ್ದವನು ‘ನಂದು ಎಮಿಷನ್ ಮುಗಿದು ತಿಂಗಳಾಯ್ತು’ ಅಂತ ಗೊಣಗುತ್ತಿದ್ದ. ಗಾಡಿಯ ಎಮಿಷನ್ ನಿಜಕ್ಕೂ ಮುಗಿದಿದ್ದರೆ ಪೊಲೀಸರೇ ಸನ್ಮಾನ ಮಾಡಬೇಕಿತ್ತು! ನಮ್ಮ ಜನರ ಬಾಯಲ್ಲಿ ಎಮಿಷನ್ ಅಂದರೆ ಆ ಚೀಟಿ. ‘ಎಮಿಷನ್ ಮಾಡಿಸು’, ‘ಎಮಿಷನ್ ಇದ್ಯಾ?’ ಹಾಗಾಗಿ ಎರವಲು ಪದವನ್ನೇ ಇಟ್ಟುಕೊಳ್ಳೋಣ ಅಂದರೆ ಅದೂ ಬೇರೆ ಕಡೆ ಕೆಲಸಕ್ಕೆ ಸೇರಿಬಿಟ್ಟಿದೆ.

ಪಟ್ಟಿಯ ಪಕ್ಕದ ಕಾಲಮ್ ‘ಇಂಧನ’. ಅಲ್ಲೂ ಒಂದು ತಮಾಷೆ. ಇಂಧನ ಅಂದರೆ ಮೂಲದಲ್ಲಿ ಉರಿಸುವ ಕಟ್ಟಿಗೆ. ಹೋಮದ ಸಮಿತ್ತೂ ಅದೇ ಧಾತುವಿನ ಮಗು. ಇವತ್ತು ‘ಇಂಧನ ದರ ಏರಿಕೆ’ ಅಂದರೆ ಪೆಟ್ರೋಲು. ‘ಇಂಧನ ಸಚಿವರು’ ಅಂದರೆ ಕರೆಂಟಿನವರು. ನಾಗಝರಿಯಲ್ಲಿ ಒಂದು ಕಡ್ಡಿಯೂ ಉರಿಯುವುದಿಲ್ಲ. ಆದರೂ ಅದು ಇಂಧನ ಇಲಾಖೆಯದ್ದೇ. ಇಂಗಾಲವೂ ಅಷ್ಟೇ. ಅದರ ಅಣ್ಣ ಹಳಗನ್ನಡದ ‘ಇಂಗಳ’, ಕೆಂಡ. ನಮ್ಮ ಕರೆಂಟಿನ ಪದಗಳೆಲ್ಲ ಒಲೆಯ ಸುತ್ತಲೇ ಕೂತಿವೆ. ಒಂದು ಎಚ್ಚರಿಕೆ ಮಾತ್ರ: ಪೇಪರಿನವರು ‘ಇಂಗಾಲ ಹೊರಸೂಸುವಿಕೆ’ ಅಂತ ಮೊಟಕು ಮಾಡುತ್ತಾರಲ್ಲ, ಅದು ಲೆಕ್ಕ ಕೆಡಿಸುತ್ತದೆ. ಒಂದು ಟನ್ ಇಂಗಾಲ ಸುಟ್ಟರೆ ಸುಮಾರು 3.67 ಟನ್ ಡೈಆಕ್ಸೈಡ್ ಆಗುತ್ತದೆ. ಯಾವುದನ್ನು ಹೇಳುತ್ತಿದ್ದೇವೆ ಅಂತ ಬಿಡಿಸಿ ಹೇಳದಿದ್ದರೆ ಅಂಕಿ ಮೂರು ಪಟ್ಟಿಗೂ ಜಾಸ್ತಿ ಆಚೀಚೆ ಆಗುತ್ತದೆ.

ಇನ್ನೊಂದು ಪದ ಬೇಗ ಹೇಳಿ ಮುಗಿಸುತ್ತೇನೆ. ಮೆರಿಟ್ ಆರ್ಡರ್. ಯಾರೋ ‘ಅರ್ಹತಾ ಕ್ರಮ’ ಅಂತ ಮಾಡಿದ್ದಾರೆ. ಓದಿದರೆ ಶಿಕ್ಷಕರ ನೇಮಕಾತಿಯ ಪಟ್ಟಿ ನೆನಪಾಗುತ್ತದೆ. ಅಲ್ಲಿರುವುದು ಅರ್ಹತೆ ಅಲ್ಲ, ಅಗ್ಗ. ಯಾವ ಸ್ಥಾವರದ ಮುಂದಿನ ಯೂನಿಟ್ ಅಗ್ಗವೋ ಅದನ್ನು ಮೊದಲು ಓಡಿಸು, ದುಬಾರಿಯದನ್ನು ಕೊನೆಗೆ. ಅಡಿಕೆ ವ್ಯಾಪಾರಕ್ಕೆ ಹೋದವರಿಗೆ ಕರೆಂಟಿನ ಪೇಟೆ ತಿಳಿಯುವುದು ಸುಲಭ. ಇಲ್ಲಿ ಚಾಲಿ ಅಡಿಕೆಯ ರಾಶಿಗೆ ಜಾಸ್ತಿ ದರ ಬರೆದವನಿಗೆ ಮಾಲು. ಅಲ್ಲಿ ಸಾಲು ಅಗ್ಗದವನಿಂದ ಶುರು. 2008ರಲ್ಲಿ ಶುರುವಾದ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ನಾಳೆಯ ದಿನವನ್ನು 15 ನಿಮಿಷದ 96 ತುಂಡು ಮಾಡುತ್ತಾರೆ. ಒಂದೊಂದು ತುಂಡಿಗೂ ಮಾರುವವರನ್ನು ಅಗ್ಗದಿಂದ ಮೇಲಕ್ಕೆ ಸಾಲು ನಿಲ್ಲಿಸುತ್ತಾರೆ. ಬೇಡಿಕೆ ಎಲ್ಲಿಗೆ ಮುಟ್ಟಿತೋ ಆ ದರವೇ ಎಲ್ಲರಿಗೂ. ‘ಅಗ್ಗದ ಸಾಲು’ ಅಂತ ಬರೆದಿದ್ದೇನೆ. ಆ ಸಾಲಿನಲ್ಲಿ ಯಾರು ಗಾಳಿಗೆ ಏನು ಸೇರಿಸುತ್ತಾರೆ ಅನ್ನುವುದಕ್ಕೆ ಜಾಗವಿಲ್ಲ. ‘ಅರ್ಹತೆ’ ಅಂದರೆ ಅದೂ ಇದೆ ಅನ್ನುವ ಭ್ರಮೆ ಬರುತ್ತದೆ. ಒಪ್ಪದವರು ತಿದ್ದಿ.

ಮತ್ತೆ ನನ್ನ ಕಾಲಮ್ಮಿಗೆ ಬರೋಣ. ಚೆನ್ನಾಗಿ ಹುಟ್ಟಿದ ಪದ ಹೇಗಿರುತ್ತದೆ ಅಂತ ಈ ಕರೆಂಟಿನ ವಿಷಯದಲ್ಲೇ ಒಂದು ಮಾದರಿ ಇದೆ: ಹಾರುಬೂದಿ. ಅಘನಾಶಿನಿ ನದಿ ಕಡಲು ಸೇರುವ ತದಡಿಯಲ್ಲಿ 4000 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರದ ಪ್ರಸ್ತಾಪ ಬಂದಿತ್ತಲ್ಲ, ಜನ ವಿರೋಧಿಸಿ ಅದು ನಿಂತೂ ಹೋಯಿತು. ಹಾರುಬೂದಿ ಅಂದರೆ ಏನು ಅಂತ ಅಘನಾಶಿನಿಯಲ್ಲಿ ಬಳಚು (ಚಿಪ್ಪುಮೀನು) ಹೆಕ್ಕುವವರಿಗೆ ಬಿಡಿಸಿ ಹೇಳುವ ಕೆಲಸವೇ ಇಲ್ಲ. ಬೂದಿ ಗೊತ್ತು, ಹಾರುವುದು ಗೊತ್ತು. ಪದದ ಒಳಗೇ ಎಲ್ಲ ಇದೆ. ಹೊರಸೂಸುವಿಕೆಯಲ್ಲಿ ಏನು ಸೂಸಿತು, ಎಲ್ಲಿಗೆ ಸೂಸಿತು, ಎರಡೂ ಇಲ್ಲ. ‘ಹೊರಗೆ’ ಅಂತ ಮಾತ್ರ ಇದೆ.

ಹಾಗಾಗಿ ನನ್ನ ಮನಸ್ಸು ವಾಲಿರುವುದು ‘ಗಾಳಿಗೆ ಸೇರಿದ್ದು’ ಕಡೆಗೆ. ಬೈಗುಳ ಇಲ್ಲ, ಸುಗಂಧ ಇಲ್ಲ. ಜಮಾಖರ್ಚಿನ ವಾಸನೆ ಇದೆ, ಅದು ಬೇಕೂ ಬೇಕು. ‘ಯೂನಿಟ್ಟಿಗೆ ಗಾಳಿಗೆ ಸೇರಿದ್ದು: ದೇಶದ ಸರಾಸರಿ ಸುಮಾರು 0.7 ಕೆಜಿ’ ಅಂತ ಬರೆದರೆ ನಮ್ಮ ಪಕ್ಕದ ಮನೆಯವರಿಗೂ ಹೊಳೆಯುತ್ತದೆ. ತಿಂಗಳಿಗೆ 100 ಯೂನಿಟ್ ಸುಟ್ಟರೆ 70 ಕೆಜಿ. ಒಂದು ಮೂಟೆ ಅಡಿಕೆಯಷ್ಟು. (‘ಯೂನಿಟ್ ಸುಡು’! ಒಲೆ ಇನ್ನೂ ಬಿಟ್ಟಿಲ್ಲ ನೋಡಿ.) ‘ಗಾಳಿಪಾಲು’ ಅಂತಲೂ ಯೋಚಿಸಿದೆ. ಚಿಕ್ಕದು, ಕಾಲಮ್ಮಿಗೆ ಸರಿಯಾಗಿ ಕೂರುತ್ತದೆ. ಆದರೆ ನೀರುಪಾಲು, ಮಣ್ಣುಪಾಲು ಅಂದ ಹಾಗೆ ಕಳೆದುಕೊಂಡದ್ದಕ್ಕೆ ಮರುಗುವ ದನಿ ಬರುತ್ತದೆ.

ತೊಡಕು ಇನ್ನೂ ಒಂದಿದೆ. ಪ್ರಾಧಿಕಾರದ ಲೆಕ್ಕದಲ್ಲಿ ನೀರಿನ ಕರೆಂಟಿಗೂ ಸೊನ್ನೆ. ಅಲ್ಲಿ ಎಣಿಸುವುದು ಸುಟ್ಟ ಇಂಧನದಿಂದ ಬಂದದ್ದನ್ನು ಮಾತ್ರ. ಸೂಪಾದ ಹಿನ್ನೀರಿನಂಥ ಕಡೆ ಮುಳುಗಿದ ಕಾಡು ನೀರಿನಡಿ ಕೊಳೆತು ಮೀಥೇನ್ ಆಗುವುದು ಈ ಪುಸ್ತಕದಲ್ಲಿ ಬರುವುದಿಲ್ಲ. ‘ಗಾಳಿಗೆ ಸೇರಿದ್ದು: 0’ ಅಂದರೆ ಅದೂ ಪೂರ್ತಿ ನಿಜ ಅಲ್ಲ. ‘ಸುಟ್ಟು ಗಾಳಿಗೆ ಸೇರಿದ್ದು’ ಅಂದರೆ ಕೈಗಾಕ್ಕೂ ಸರಿ, ಸೂಪಾಕ್ಕೂ ಸರಿ. ಕದ್ರಾದ ಗೆಳೆಯ ಇದನ್ನು ಕೇಳಿ ‘ಹಾಂ, ಈಗ ಸೊನ್ನೆ ಹಾಕು’ ಅಂದ. ಆದರೆ ಮೂರು ಪದ ಆಯಿತು. ಕಾಲಮ್ ಇರುವುದು ಎರಡು ಬೆರಳಗಲ.

ನಿಮ್ಮಿಂದ ಎರಡು ಬೇಕು. ನಿಮ್ಮ ಊರಲ್ಲಿ ಹೊಗೆಯ ಜೊತೆ ಬರುವ ಕ್ರಿಯಾಪದ ಯಾವುದು, ಬಿಡು, ಏಳು, ಹಾಯು, ಇನ್ನೇನಾದರೂ? ಭಟ್ಕಳ, ಅಂಕೋಲೆ ಕಡೆ ಬೋಟಿನ ಇಂಜಿನ್ನಿನ ಹೊಗೆಗೆ ಏನಾದರೂ ಬೇರೆ ಮಾತು ಇದ್ದರೆ ದಯವಿಟ್ಟು ತಿಳಿಸಿ. ಎರಡನೆಯದು, ‘ಸುಟ್ಟು ಗಾಳಿಗೆ ಸೇರಿದ್ದು’ ಅನ್ನುವುದನ್ನು ಎರಡು ಪದಕ್ಕೆ ಇಳಿಸಿ ಕೊಡಿ. ಡಿಟಿಪಿ ಮಾಡುವ ಹುಡುಗಿ ಬುಧವಾರದ ತನಕ ಆ ಮನೆಯನ್ನು ಖಾಲಿ ಇಟ್ಟಿರುತ್ತೇನೆ ಅಂದಿದ್ದಾಳೆ.