‘ಹಾರು’: ಡಾಲ್ಫಿನ್‌ಗೂ ಮರಗಪ್ಪೆಗೂ ಒಂದೇ ಮಾತೇ?

ಪ್ರಶ್ನೆ: ಮಡಿಕೇರಿಯ ಶಾಲಾಮಕ್ಕಳಿಗಾಗಿ ಪ್ರಾಣಿಗಳ ಚಲನೆಯ ಬಗ್ಗೆ ಫಲಕ ಬರೆಯುತ್ತಿದ್ದೇವೆ. ‘ಡಾಲ್ಫಿನ್ ನೀರಿನಿಂದ ಹಾರುತ್ತದೆ’, ‘ಹಾರುವ ಕಪ್ಪೆ ಮರದಿಂದ ಹಾರುತ್ತದೆ’ ಎಂದರೆ ಸರಿಯೇ? ಕಪ್ಪೆಗೆ ‘ತೇಲುಗಪ್ಪೆ’ ಎನ್ನಿ ಎಂಬ ಸಲಹೆಯೂ ಬಂದಿದೆ.

ಉತ್ತರ: ತಪ್ಪೇನಿಲ್ಲ, ಆದರೆ ಮಕ್ಕಳಿಗೆ ವ್ಯತ್ಯಾಸ ತಿಳಿಯುವುದಿಲ್ಲ. ‘ಹಾರು’ ಹಳಗನ್ನಡದ ‘ಪಾಱು’. ನೆಗೆಯುವುದು, ರೆಕ್ಕೆ ಬಡಿದು ಹೋಗುವುದು ಎರಡೂ ಅದರಲ್ಲಿವೆ. ಬೇಲಿ ಹಾರಿದವನಿಗೂ ಗಿಳಿಗೂ ಅದೇ ಮಾತು.

ಡಾಲ್ಫಿನ್ ವೇಗ ಗಳಿಸುವುದೆಲ್ಲ ನೀರಿನೊಳಗೆ, ಬಾಲವನ್ನು ಮೇಲೆ ಕೆಳಗೆ ಬೀಸಿ (ಮೀನು ಬೀಸುವುದು ಅಕ್ಕಪಕ್ಕಕ್ಕೆ). ಮೈ ಹೊರಬಂದಮೇಲೆ ಎಸೆದ ಕಲ್ಲಿನಂತೆ ಬಾಗಿ ಬೀಳುತ್ತದೆ. ಅದಕ್ಕೆ ‘ನೆಗೆ’ ಸಾಕು, ‘ಚಿಮ್ಮು’ ಇನ್ನೂ ಚೆನ್ನ.

ಕಪ್ಪೆಯದು ಬೇರೆ ಲೆಕ್ಕ. 1870ರಲ್ಲಿ ಪ್ರಾಣಿಶಾಸ್ತ್ರಜ್ಞ ಜೆರ್ಡನ್ ‘ರಾಕೊಫೋರಸ್ ಮಲಬಾರಿಕಸ್’ ಎಂದು ಹೆಸರಿಟ್ಟ ಈ ಹಾರುವ ಕಪ್ಪೆ ಹಸಿರು ಬೆನ್ನಿನದು. ಬೆರಳುಗಳ ನಡುವೆ ಕಿತ್ತಳೆಗೆಂಪು ಪೊರೆ. ಕೊಂಬೆಯಿಂದ ನೆಗೆದು ನಾಲ್ಕೂ ಪಾದಗಳನ್ನು ಬಿಡಿಸಿದರೆ ಪೊರೆಗೆ ಗಾಳಿ ಒತ್ತುತ್ತದೆ; ಎತ್ತರ ಕಳೆದುಕೊಳ್ಳುತ್ತಲೇ ಸುಮಾರು 10 ಮೀಟರ್ ಮುಂದೆ ಇಳಿಯುತ್ತದೆ. ಮೇಲೇರಲು ಮಾತ್ರ ಆಗದು. ಹಾಗಾಗಿ ಇದು ನೆಗೆತವಷ್ಟೇ ಅಲ್ಲ, ಹಕ್ಕಿಯ ಹಾರಾಟವೂ ಅಲ್ಲ.

‘ತೇಲುಗಪ್ಪೆ’ ಬೇಡ. ಕನ್ನಡದ ಕಿವಿಗೆ ‘ತೇಲು’ ಎಂದೊಡನೆ ಬರುವುದು ನೀರು. ಈ ಕಪ್ಪೆ ಮಳೆಗಾಲದಲ್ಲಿ ನೀರಿನ ಮೇಲೆ ಬಾಗಿದ ಎಲೆಗಳಲ್ಲಿ ನೊರೆಗೂಡು ಕಟ್ಟುತ್ತದೆ, ಗೊದಮೊಟ್ಟೆಗಳು ಅಲ್ಲಿಂದ ಕೆಳಗಿನ ನೀರಿಗೆ ಬೀಳುತ್ತವೆ. ಮಕ್ಕಳು ಅವನ್ನೇ ತೇಲುಗಪ್ಪೆ ಎಂದುಕೊಂಡಾರು. ‘ಜಾರುಗಪ್ಪೆ’ಯೂ ಬೇಡ, ಲೋಳೆ ಮೈಯದು ಎಂದಾಗುತ್ತದೆ.

ಮಲೆನಾಡಿನ ಮಾತೇ ದಾರಿ ತೋರಿಸಿದೆ: ಹಾರುಬೆಕ್ಕು (ಹಾರುವ ಅಳಿಲು), ಹಾರುವ ಓತಿ. ಎರಡೂ ಚರ್ಮದ ಪೊರೆ ಬಿಡಿಸಿ ಇಳಿಯುವವೇ, ರೆಕ್ಕೆ ಬಡಿಯುವವಲ್ಲ. ಹೆಸರಿನ ಮುಂದೆ ಬಂದಾಗ ‘ಹಾರು’ ಆ ಅರ್ಥಕ್ಕೆ ಆಗಲೇ ಒಗ್ಗಿದೆ. ‘ಹಾರುವ ಕಪ್ಪೆ’ ಇಟ್ಟುಕೊಳ್ಳಿ. ಚಿಕ್ಕದು ಬೇಕಿದ್ದರೆ ‘ಹಾರುಗಪ್ಪೆ’. ಸುಡು + ಕಾಡು ‘ಸುಡುಗಾಡು’ ಆದಂತೆ ಇಲ್ಲೂ ಕಕಾರ ಗಕಾರವಾಗುತ್ತದೆ.

ಕ್ರಿಯಾಪದವನ್ನು ಮಾತ್ರ ಬದಲಿಸಿ: ‘ಡಾಲ್ಫಿನ್ ನೀರಿನಿಂದ ಮೇಲಕ್ಕೆ ಚಿಮ್ಮುತ್ತದೆ’, ‘ಹಾರುವ ಕಪ್ಪೆ ಪಾದದ ಪೊರೆ ಬಿಡಿಸಿ ಮರದಿಂದ ಮರಕ್ಕೆ ಗಾಳಿಯಲ್ಲಿ ತೇಲುತ್ತ ಇಳಿಯುತ್ತದೆ’. ಇಲ್ಲಿ ‘ಗಾಳಿಯಲ್ಲಿ’ ಬಿಟ್ಟರೆ ಕಪ್ಪೆ ಮತ್ತೆ ಕೆರೆಗೆ ಬಿದ್ದಂತೆಯೇ!

ಮತ್ತೊಂದು ಉತ್ತರ: ಒಪ್ಪಿದೆ. ಫಲಕದಲ್ಲಿ ‘ಡಾಲ್ಫಿನ್ ಮೀನು’ ಎಂದಿದ್ದರೆ ‘ಮೀನು’ ತೆಗೆಯಿರಿ. ಅದು ಮರಿಗೆ ಹಾಲೂಡಿಸುವ ಪ್ರಾಣಿ, ಉಸಿರಾಡಲು ನೀರಿನ ಮೇಲಕ್ಕೆ ಬರಲೇಬೇಕು.