ಐದಡಿ ಮೀನಿನ ಟ್ಯಾಂಕು, ವಾಟ ಇರುವ ಚಾವಡಿ: ಎಂತ ಮಾಡುವುದು?

ನೀರ್ಚಾಲು ಮೀನು
ಐದಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕು ತರಿಸಿದ್ದೇನೆ. 12 ಎಂಎಂ ಗಾಜು, ಫ್ರೇಮ್ ಇಲ್ಲ. ಇಡುವುದು ಚಾವಡಿಯ ಗೋಡೆ ಬದಿಗೆ. ಮನೆ ಅಜ್ಜ ಕಟ್ಟಿಸಿದ್ದು, ರೆಡ್ ಆಕ್ಸೈಡಿನ ನೆಲ. ತೊಳೆದ ನೀರು ಬಾಗಿಲಿಗೆ ಹೋಗಲಿ ಅಂತ ಆಗಲೇ ವಾಟ, ಅಂದರೆ ಸಣ್ಣ ಇಳಿಜಾರು, ಕೊಟ್ಟಿದ್ದಾರೆ. ಆರು ಕಾಲಿನ ಕಬ್ಬಿಣದ ಸ್ಟ್ಯಾಂಡ್ ಇಟ್ಟು ನೋಡಿದರೆ ಟಕಟಕ ಅಲುಗಾಡ್ತದೆ. ತಂದುಕೊಟ್ಟವರು "ಟ್ಯಾಂಕಿನ ಅಡಿಗೆ ಥರ್ಮಾಕೋಲ್ ಹಾಕಿ, ಎಲ್ಲ ಸರಿ ಆಗ್ತದೆ" ಅಂದರು. ಹೌದಾ?

ಕುಂಬಳೆ ಕಡಲು
ಹೌದು. ನನ್ನ ಮೂರಡಿ ಟ್ಯಾಂಕು ಆರು ವರ್ಷದಿಂದ ಥರ್ಮಾಕೋಲಿನ ಮೇಲೇ ಉಂಟು. ಒಂದು ಬದಿ ತಗ್ಗು ಕಾಣ್ತದೆ, ಮೀನುಗಳು ಈವರೆಗೆ ದೂರು ಕೊಟ್ಟಿಲ್ಲ. ಅಷ್ಟು ತಲೆಬಿಸಿ ಬೇಡ ಮಾರಾಯ್ರೆ.

ಉಪ್ಪಳದ ಮೀನುಹುಚ್ಚ
ಮೂರಡಿಯೂ ಐದಡಿಯೂ ಒಂದೇ ಅಲ್ಲ ಭಾವ. ಇವರದ್ದು 20 ಘನ ಅಡಿ. ತುಂಬ ತುಂಬಿಸಿದರೆ 566 ಲೀಟರ್ ನೀರು, ಅಷ್ಟೇ ಕಿಲೋ ಭಾರ. ಗಾಜೇ ನೂರು ಕಿಲೋ ದಾಟ್ತದೆ. ಮೇಲೆ ಜಲ್ಲಿ, ಕಲ್ಲು, ಸ್ಟ್ಯಾಂಡ್. ಒಟ್ಟು ಮುಕ್ಕಾಲು ಟನ್ನಿಗೆ ಕಡಿಮೆ ಇಲ್ಲ.

ಥರ್ಮಾಕೋಲ್ ಹಾಕಲೇಬೇಕು, ಆದರೆ ಅದರ ಕೆಲಸ ಬೇರೆ. ಹಲಗೆಯ ಮೇಲೆ ಉಳಿದ ಒಂದು ಮರಳಿನ ಕಣ, ಒಂದು ಮೊಳೆಯ ತಲೆ ಗಾಜಿಗೆ ಚುಚ್ಚದ ಹಾಗೆ ಅದು ತಡೀತದೆ. ಸ್ಟ್ಯಾಂಡ್ ಓರೆ ಇದ್ದರೆ ಥರ್ಮಾಕೋಲೂ ಓರೆಯಾಗಿಯೇ ಕೂರ್ತದೆ. ಇನ್ನೊಂದು ವಿಷಯ, ಸುತ್ತ ಪ್ಲಾಸ್ಟಿಕ್ ಫ್ರೇಮ್ ಇರುವ ಟ್ಯಾಂಕಿಗೆ ಅದನ್ನು ಹಾಕಬಾರದು. ಅದರ ಅಡಿಗಾಜು ಫ್ರೇಮಿನೊಳಗೆ ಸ್ವಲ್ಪ ಮೇಲೆ ನಿಂತಿರ್ತದೆ. ಥರ್ಮಾಕೋಲ್ ಅದನ್ನು ಕೆಳಗಿನಿಂದ ಒತ್ತಿದರೆ ಕಷ್ಟ.

ಲೆಕ್ಕದ ಮಾಷ್ಟ್ರು
ಎಲ್ಲರೂ ವಾಟಕ್ಕೆ ಹೆದರುತ್ತಿದ್ದೀರಿ. ಗಾಜು ಒಡೆಯುವುದು ವಾಟದಿಂದ ಅಲ್ಲ, ತಿರುಚಿನಿಂದ. ಟ್ಯಾಂಕು ಇಡಿಯಾಗಿ ಒಂದು ಬದಿಗೆ 9 ಎಂಎಂ ವಾಲಿದರೆ ಆ ಬದಿಯಲ್ಲಿ ನೀರು ಹೆಚ್ಚೆಂದರೆ ಅಷ್ಟೇ ಹೆಚ್ಚು ಆಳ ಆಗ್ತದೆ. ಎರಡಡಿ ಆಳಕ್ಕೆ ಅದು ನೂರಕ್ಕೆ ಒಂದೂವರೆ ಪಾಲು ಹೆಚ್ಚಿನ ಒತ್ತಡ. 12 ಎಂಎಂ ಗಾಜಿಗೆ ಅದು ಲೆಕ್ಕಕ್ಕಿಲ್ಲ. ಆದರೆ ನಾಲ್ಕು ಮೂಲೆ ಒಂದೇ ತಟ್ಟಿನಲ್ಲಿ, ಅಂದರೆ ಒಂದೇ ಸಮತಲದಲ್ಲಿ, ಇಲ್ಲದಿದ್ದರೆ ಸ್ಟ್ಯಾಂಡ್ ಭಾರಕ್ಕೆ ತಿರುಚಿಕೊಂಡು ಕೂರ್ತದೆ, ಅಡಿಗಾಜೂ ಅದರ ಜೊತೆ ತಿರುಚಬೇಕಾಗ್ತದೆ. ಗಾಜು ಬಾಗುವ ಜಾತಿ ಅಲ್ಲ.

ನೆಲದ ನಾಲ್ಕು ಮೂಲೆಯ ಅಳತೆ ಕೊಡಿ. ಅಲುಗಾಡ್ತದೆ ಅಂದರೆ ಸಾಲದು.

ಮುರಕಲ್ಲು ಮೇಸ್ತ್ರಿ
ಒಂದಡಿಯ ರಸಮಟ್ಟ ಇಟ್ಟು ಅಳೀಬೇಡಿ, ಐದಡಿಗೆ ಅದು ಸುಳ್ಳು ಹೇಳ್ತದೆ. ಟ್ಯೂಬ್ ಲೆವೆಲ್ ಹಿಡೀರಿ. ಮೂರು ನಾಲ್ಕು ಮೀಟರ್ ಪಾರದರ್ಶಕ ಪೈಪು, ನೀರು ತುಂಬಿಸಿ ಗುಳ್ಳೆ ಎಲ್ಲ ಹೊರಗೆ ಬಿಡಿ. ಒಂದು ಗುಳ್ಳೆ ಉಳಿದರೂ ಅಳತೆ ಹೋಯ್ತು. ಎರಡೂ ಬಾಯಿ ತೆರೆದಿರಬೇಕು, ಬೆರಳು ಮುಚ್ಚಬಾರದು. ಒಂದು ತುದಿ ಗೋಡೆಗೆ ಕಟ್ಟಿ, ಇನ್ನೊಂದನ್ನು ಮೂಲೆ ಮೂಲೆಗೆ ಒಯ್ದು, ನೀರಿನ ಗೆರೆಯಿಂದ ನೆಲಕ್ಕೆ ಎಷ್ಟು ಅಂತ ಬರೆದುಕೊಳ್ಳಿ. ಮಧ್ಯದ ಕಾಲು ಬರುವ ಜಾಗವನ್ನೂ ಬಿಡಬೇಡಿ, ಹಳೆ ನೆಲದಲ್ಲಿ ನಡುವೆ ಹೊಟ್ಟೆ ಇರ್ತದೆ.

ನನ್ನಪ್ಪ ನೀರಿಗಾಗಿ ಗುಡ್ಡಕ್ಕೆ ಅಡ್ಡ ಸುರಂಗ ತೋಡುವವರು. ನೀರು ತಾನಾಗಿ ಹೊರಗೆ ಬರಲಿ ಅಂತ ಒಳಗೆ ಹೋಗುವಾಗ ಸಣ್ಣಕೆ ಏರಿಸಿಕೊಂಡೇ ಹೋಗ್ತಿದ್ದರು, ಬರೀ ಕಣ್ಣಂದಾಜಿನಲ್ಲಿ. ನಮಗೆ ಆ ಕಣ್ಣಿಲ್ಲ, ಪೈಪೇ ಗತಿ.

ನೀರ್ಚಾಲು ಮೀನು
ಅಳೆದೆ, ತಂಗಿ ಹಿಡಿದುಕೊಂಡಳು. ನೀರಿನ ಗೆರೆಯಿಂದ ನೆಲಕ್ಕೆ, ಎಂಎಂ ಲೆಕ್ಕದಲ್ಲಿ:
ಗೋಡೆ ಬದಿ ಎಡ 500, ನಡು 504, ಬಲ 505.
ಮುಂದೆ ಎಡ 509, ನಡು 512, ಬಲ 511.

ಲೆಕ್ಕದ ಮಾಷ್ಟ್ರು
ಚಂದದ ಅಳತೆ. ಎದುರುಬದುರು ಮೂಲೆಗಳನ್ನು ಕೂಡಿಸಿ. 500ಕ್ಕೆ 511 ಸೇರಿದರೆ 1011. 505ಕ್ಕೆ 509 ಸೇರಿದರೆ 1014. ಎರಡೂ ಮೊತ್ತ ಒಂದೇ ಬಂದಿದ್ದರೆ ನೆಲ ಎಷ್ಟೇ ವಾಲಿರಲಿ, ನಾಲ್ಕು ಮೂಲೆಯೂ ಒಂದೇ ತಟ್ಟಿನಲ್ಲಿ ಇವೆ ಅಂತ ಅರ್ಥ. ಇಲ್ಲಿ 3 ಎಂಎಂ ವ್ಯತ್ಯಾಸ ಉಂಟು. ನಿಮ್ಮ ಸ್ಟ್ಯಾಂಡ್ ಟಕಟಕ ಅನ್ನುವುದು ಆ 3 ಎಂಎಂಗೆ, 11 ಎಂಎಂ ವಾಟಕ್ಕಲ್ಲ.

ಕುಂಬಳೆ ಕಡಲು
ಮಾಷ್ಟ್ರೇ, ಮೀನು ಸಾಕಲಿಕ್ಕೆ ಹತ್ತನೇ ಕ್ಲಾಸ್ ಪರೀಕ್ಷೆ ಬರೀಬೇಕಾ?

ಪೆರ್ಲದಕ್ಕ
ನಾನು ಬರೆಯದೆ ಫೇಲಾದವಳು, ಕೇಳಿ. ನಮ್ಮದು ನಾಲ್ಕಡಿ ಟ್ಯಾಂಕು. ಸ್ಟ್ಯಾಂಡ್ ಎತ್ತುವುದು ಕಷ್ಟ ಅಂತ ಟ್ಯಾಂಕಿಗೂ ಹಲಗೆಗೂ ನಡುವೆ ಒಂದು ಮೂಲೆಗೆ ಅಡಿಕೆ ಮರದ ಚಕ್ಕೆ ತುರುಕಿಸಿದೆ. ನೀರು ಮಟ್ಟಕ್ಕೆ ಬಂತು, ಖುಷಿಯಾಯ್ತು. ಹನ್ನೊಂದನೇ ದಿನ ರಾತ್ರಿ ಟಪ್ಪೆಂತ ಶಬ್ದ. ಬಿರುಕು ಸರಿಯಾಗಿ ಆ ಚಕ್ಕೆಯ ಅಂಚಿನಿಂದಲೇ ಶುರುವಾಗಿತ್ತು. ಬೆಳಗಾಗುವವರೆಗೆ ಗೋಣಿಯಲ್ಲಿ ನೀರು ಒರೆಸಿದ್ದೇವೆ. ಮೀನು ಬಾವಿಕಟ್ಟೆ ಬದಿಯ ಹಂಡೆಯಲ್ಲಿ.

ಏನೇ ಕೊಡುವುದಿದ್ದರೂ ನೆಲಕ್ಕೂ ಸ್ಟ್ಯಾಂಡಿಗೂ ನಡುವೆ ಕೊಡಿ. ಮೇಲೆ ಬೇಡವೇ ಬೇಡ.

ಮುರಕಲ್ಲು ಮೇಸ್ತ್ರಿ
ಅಕ್ಕ ಹೇಳಿದ್ದು ಸರಿ. ಕೆಳಗೆ ಕೊಡುವುದಾದರೂ ಅಡಿಕೆ, ತೆಂಗು, ಪ್ಲೈವುಡ್ ಯಾವುದೂ ಬೇಡ. ನೀರು ತಾಗಿದರೆ ಉಬ್ಬುತ್ತದೆ, ನಮ್ಮೂರಲ್ಲಿ ಗೆದ್ದಲು ಮಳೆಗಾಲಕ್ಕೂ ಕಾಯುವುದಿಲ್ಲ.

ನನ್ನ ಕೇಳಿದರೆ ಕಬ್ಬಿಣವೇ ಬೇಡ. ಮುರಕಲ್ಲಿನ (ಜಂಬಿಟ್ಟಿಗೆಯ) ಮೂರು ಸಣ್ಣ ಗೋಡೆ ಎಬ್ಬಿಸಿ, ಮೇಲೆ ಕಡಪ ಕಲ್ಲು ಹಾಕಿ. ಅದರ ಅಡಿಯ ಸಿಮೆಂಟು ಹಸಿ ಇರುವಾಗಲೇ ರಸಮಟ್ಟ ಇಟ್ಟು ತಟ್ಟಿ ಕೂರಿಸಿದರೆ ನೆಲ ಹೇಗಿದ್ದರೂ ಮೇಲ್ಭಾಗ ಮಟ್ಟ. ತುಕ್ಕೂ ಇಲ್ಲ, ಗೆದ್ದಲೂ ಇಲ್ಲ.

ಉಪ್ಪಳದ ಮೀನುಹುಚ್ಚ
ಕಟ್ಟೆ ಒಳ್ಳೆಯದೇ, ಸಿಮೆಂಟಿಗೆ ನೀರು ಹಾಕಿ ವಾರಗಟ್ಟಲೆ ಬಿಡುವ ತಾಳ್ಮೆ ಇದ್ದರೆ. ಆದರೆ ನಾಳೆ ಟ್ಯಾಂಕು ಬೇರೆ ಕಡೆ ಇಡಬೇಕು ಅನ್ನಿಸಿದರೆ? ಅದು ಬಿಟ್ಟರೂ ಹಳೆ ರೆಡ್ ಆಕ್ಸೈಡಿಗೆ ಸಿಮೆಂಟು ಮೆತ್ತಿದರೆ ಆ ಹೊಳಪು ಮತ್ತೆ ಬರ್ಲಿಕ್ಕಿಲ್ಲ.

ನೀರ್ಚಾಲು ಮೀನು
ಅಮ್ಮ ಈಗಾಗಲೇ ತೀರ್ಪು ಕೊಟ್ಟಾಯ್ತು. "ಚಾವಡಿಯಲ್ಲಿ ಕಟ್ಟೆ ಕಟ್ಟಿದರೆ ಪೂಜೆಗೆ ಊಟದ ಹಂತಿ ಎಲ್ಲಿ ಹಾಕುವುದು?" ಕಬ್ಬಿಣವೇ.

ಉಪ್ಪಳದ ಮೀನುಹುಚ್ಚ
ಹಾಗಾದರೆ ಗೋಡೆ ಬದಿಯ ಎಡಮೂಲೆ ಮುಟ್ಟಬೇಡಿ, ನೆಲ ಅಲ್ಲೇ ಎತ್ತರ ಇರುವುದು. ಉಳಿದ ಕಾಲುಗಳನ್ನು ಅದರ ಮಟ್ಟಕ್ಕೆ ಎಬ್ಬಿಸಿ. ಹಿಂದೆ ನಡು 4, ಬಲ 5. ಮುಂದೆ ಎಡ 9, ನಡು 12, ಬಲ 11. ನಡುವಿನ ಕಾಲು ಗಾಳಿಯಲ್ಲಿ ನೇತಾಡಲು ಬಿಟ್ಟರೆ ಸ್ಟ್ಯಾಂಡಿನ ಐದಡಿಯ ಕಬ್ಬಿಣದ ಪೈಪು ಭಾರಕ್ಕೆ ಕೆಳಗೆ ಜಗ್ಗುತ್ತದೆ. ಆರೂ ಕಾಲಿನ ಅಡಿಗೆ ನಾಲ್ಕಿಂಚು ಚದರ, 6 ಎಂಎಂ ದಪ್ಪದ ಕಬ್ಬಿಣದ ತುಂಡು ಕೊಡಿ, ಇಲ್ಲದಿದ್ದರೆ ಕಾಲು ನೆಲಕ್ಕೆ ಕೊರೆದು ಇಳೀತದೆ. ಅದರ ಮೇಲೆ ಅಲ್ಯೂಮಿನಿಯಂ ತಗಡು ಒಂದೊಂದೇ ಸೇರಿಸಿ ಎತ್ತರ ಕೂಡಿಸಿ.

ಮಾಷ್ಟ್ರೇ, ಮುಂದಕ್ಕೆ ವಾಲಿದರೂ ತೊಂದರೆ ಇಲ್ಲ ಅಂತ ಮಾತ್ರ ಹೇಳಬೇಡಿ. ಮಕ್ಕಳು ಓಡಾಡುವ ಚಾವಡಿ ಅದು.

ಲೆಕ್ಕದ ಮಾಷ್ಟ್ರು
ಗಾಜು ಒಡೆಯುವುದಿಲ್ಲ ಅಂದದ್ದು, ವಾಲಿಸಿ ಇಡಿ ಅಂದದ್ದಲ್ಲ. ಆದರೂ ಒಪ್ಪಿದೆ.

ಕಾಸರಗೋಡು ಪೇಟೆಯವ
ನಡುವೆ ಬಾಯಿ ಹಾಕ್ತೇನೆ, ನಮ್ಮದು ಫ್ಲ್ಯಾಟು, ನಾಲ್ಕನೇ ಮಾಳಿಗೆ. ಇದೇ ಅಳತೆಯ ಟ್ಯಾಂಕು ಇಡಬಹುದಾ?

ಮುರಕಲ್ಲು ಮೇಸ್ತ್ರಿ
ನೀರ್ಚಾಲಿನವರದ್ದು ನೆಲದ ಮೇಲೆ, ಅಡಿಯಲ್ಲಿ ಮುರ ಮಣ್ಣು, ಚಿಂತೆ ಇಲ್ಲ. ಮಾಳಿಗೆಯ ಸ್ಲ್ಯಾಬು ಬೇರೆ ಕಥೆ. ವಾಸದ ಮನೆಗೆ ಇಂಜಿನಿಯರುಗಳು ಚದರ ಮೀಟರಿಗೆ 200 ಕಿಲೋ ಅಂತ ಲೆಕ್ಕ ಹಿಡೀತಾರೆ. ಈ ಟ್ಯಾಂಕು ಒಂದು ಚದರ ಮೀಟರಿಗಿಂತ ಕಡಿಮೆ ಜಾಗದಲ್ಲಿ 750 ಕಿಲೋ ಕೂರ್ತದೆ. ಕೆಳಗೆ ಬೀಮ್ ಎಲ್ಲಿ ಹಾದುಹೋಗ್ತದೆ ಅಂತ ನೋಡಿ ಹೇಳುವವರನ್ನು ಕರೆಸಿ. ಇಲ್ಲಿ ಕೇಳಿ ಇಡಬೇಡಿ.

ನೀರ್ಚಾಲು ಮೀನು
ವರದಿ. ಕಾಲಿನಡಿಗೆ ತುಂಡು, ತಗಡು ಎಲ್ಲ ಕೊಟ್ಟಾಯ್ತು, ಟಕಟಕ ನಿಂತಿದೆ. ಸ್ಟ್ಯಾಂಡಿನ ಮೇಲೆ ಹಲಗೆ, ಥರ್ಮಾಕೋಲ್, ಟ್ಯಾಂಕು. ಕಾಲುಭಾಗ ನೀರು ತುಂಬಿಸಿ ಗಾಜಿನ ಮೇಲಂಚಿನಿಂದ ನೀರಿಗೆ ನಾಲ್ಕೂ ಮೂಲೆ ಅಳೆದೆ. 1 ಎಂಎಂ ಒಳಗೇ ಉಂಟು. ಮರುದಿನ ನೋಡಿದರೆ ಮುಂದಿನ ಬಲಮೂಲೆ 2 ಎಂಎಂ ಇಳಿದಿದೆ. ಈಗ ಹಾಗೇ ತುಂಬಿಸಲಾ, ತಗಡು ಸೇರಿಸಲಾ?

ಪೆರ್ಲದಕ್ಕ
ನೀರು ಇರುವಾಗ ಸುತ್ತಿಗೆ ಹಿಡೀಬೇಡಿ ತಮ್ಮ. ಪೂರ್ತಿ ಖಾಲಿ ಮಾಡಿ, ಇಬ್ಬರು ಸೇರಿ ಸ್ಟ್ಯಾಂಡಿನ ಆ ಮೂಲೆ ಸ್ವಲ್ಪ ಎತ್ತಿ, ಒಂದು ತಗಡು ಜಾರಿಸಿ. ಮತ್ತೆ ಕಾಲುಭಾಗ ತುಂಬಿಸಿ ಒಂದು ದಿನ ಬಿಡಿ. ಮೀನು ಇನ್ನೂ ಬಂದಿಲ್ಲವಲ್ಲ, ಅರ್ಜೆಂಟ್ ಎಂತದು?

ನೀರ್ಚಾಲು ಮೀನು
ಹಾಗೇ ಮಾಡಿದೆ. ಎರಡು ದಿನ ಬಿಟ್ಟು ಅರ್ಧ, ಮತ್ತೆ ಮುಕ್ಕಾಲು, ನಿನ್ನೆ ಪೂರ್ತಿ. ತುದಿಯಿಂದ ತುದಿಗೆ 1 ಎಂಎಂ ವ್ಯತ್ಯಾಸ ಉಳಿದಿದೆ, ಅದನ್ನು ಮುಟ್ಟುವುದಿಲ್ಲ.

ಕುಂಬಳೆ ಕಡಲು
ನೋಡಿ, ನಾನು ಮೊದಲೇ ಹೇಳಿದ್ದೆ, ಏನೂ ಆಗುವುದಿಲ್ಲ ಅಂತ.

ಉಪ್ಪಳದ ಮೀನುಹುಚ್ಚ
ನಿಮ್ಮ ಮೂರಡಿಯದ್ದರ ಮೂಲೆ ಅಳತೆ ಹಾಕಿ ಭಾವ, ಕೂಡಿಸಿ ನೋಡುವ.

ಕುಂಬಳೆ ಕಡಲು
ಪೈಪು ಇಲ್ಲ.

ಮುರಕಲ್ಲು ಮೇಸ್ತ್ರಿ
ಬದಿಯಡ್ಕಕ್ಕೆ ಬನ್ನಿ, ನನ್ನದು ಕೊಡ್ತೇನೆ. ನೀರ್ಚಾಲಿನವರೇ, ಗಾಜಿನ ಹೊರಗೆ ನೀರಿನ ಗೆರೆಗೆ ಎರಡೂ ತುದಿಯಲ್ಲಿ ಪೆನ್ನಿನಲ್ಲಿ ಒಂದು ಗುರುತು ಹಾಕಿಡಿ. ಈ ಮಳೆಗಾಲ ಕಳೆದ ಮೇಲೆ ನೀರನ್ನು ಒಂದು ಗುರುತಿಗೆ ತಂದು, ಇನ್ನೊಂದಕ್ಕೂ ಸರಿ ಬರ್ತದಾ ನೋಡಿ.

ನೀರ್ಚಾಲು ಮೀನು
ಹಾಕಿದೆ. ಈಗ ಹೊಸ ತಾಪತ್ರಯ. ಟ್ಯಾಂಕಿನ ನೀರಿನ ಗೆರೆ ಅಷ್ಟು ನೆಟ್ಟಗೆ ಉಂಟಲ್ಲ, ಅದರ ಮೇಲೆ ಗೋಡೆಯಲ್ಲಿ ಇರುವ ಅಜ್ಜನ ಫೋಟೋ, ಪಕ್ಕದ ಕಿಟಕಿ ಎಲ್ಲ ವಾರೆ ಅಂತ ಅಮ್ಮನಿಗೆ ನಿನ್ನೆಯಿಂದ ಕಾಣ್ಲಿಕ್ಕೆ ಶುರುವಾಗಿದೆ. ಫೋಟೋ ಸರಿ ಮಾಡಿದೆ. ಕಿಟಕಿಗೆ ಎಂತ ಮಾಡುವುದು ಮೇಸ್ತ್ರಿಯವರೇ?